ಅರ್ಧ ಚಾರ್ಜ್ ಇದ್ದಾಗಲೇ ಆಫ್ ಆಗುತ್ತಿದ್ದ ಕೈ ಕಂಪ್ಯೂಟರ್

ಲಕ್ಷಣ ಇಷ್ಟು. ಬ್ಯಾಟರಿ 46 ಪರ್ಸೆಂಟ್ ಅಂತ ತೋರಿಸುತ್ತಿದೆ, ಎಲ್ಲ ಸರಿಯಾಗಿ ನಡೆಯುತ್ತಿದೆ. ಯುಎಸ್‌ಬಿಗೆ ಆರ್‌ಎಸ್485 ಅಡಾಪ್ಟರ್ (ಕಾರ್ಖಾನೆಯ ಯಂತ್ರಗಳ ಜೊತೆ ಮಾತಾಡಲು ಬೇಕಾದದ್ದು) ಚುಚ್ಚಿ, ಬ್ರೌಸರ್ ತೆರೆದ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪು. ಎಚ್ಚರಿಕೆ ಇಲ್ಲ, ಶಟ್‌ಡೌನ್ ಸಂದೇಶ ಇಲ್ಲ. ತಾನಾಗಿ ಮತ್ತೆ ಬೂಟ್ ಆಗುವುದೂ ಇಲ್ಲ. ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಏನೂ ಆಗೇ ಇಲ್ಲ ಅನ್ನುವಂತೆ ಎದ್ದು ಕೂರುತ್ತದೆ. ಬ್ಯಾಟರಿ ನೋಡಿದರೆ ಇನ್ನೂ 46 ಪರ್ಸೆಂಟ್!

ಯಂತ್ರ ನಾನೇ ಕಟ್ಟಿದ್ದು. ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್‌ಗಳ ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್), ಮೋಟರ್ ವೇಗ ನಿಯಂತ್ರಿಸುವ ಡ್ರೈವ್ ನೋಡಿಕೊಳ್ಳುವುದು ನನ್ನ ಕೆಲಸ. ಲೇತ್ ಪಕ್ಕ ಲ್ಯಾಪ್‌ಟಾಪ್ ಇಡಲು ಜಾಗ ಇರುವುದಿಲ್ಲ. ಇದ್ದರೂ ಅಲ್ಲಿ ಕೂಲಂಟ್, ಎಣ್ಣೆ, ಕಬ್ಬಿಣದ ಚೂರು. ಅದಕ್ಕೇ ಒಂದು ಕೈಯಲ್ಲಿ ಹಿಡಿಯುವಂಥ ಲಿನಕ್ಸ್ ಡಬ್ಬಿ ಬೇಕಾಗಿತ್ತು. ಒಳಗೆ ಎರಡು ಜಿಬಿಯ ರಾಸ್ಪ್‌ಬೆರಿ ಪೈ 4 ಅನ್ನುವ ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್, ಐದು ಇಂಚಿನ ಸ್ಕ್ರೀನ್, ಹೆಬ್ಬೆರಳಲ್ಲಿ ಒತ್ತುವ ಪುಟ್ಟ ಕೀಬೋರ್ಡ್. ಪವರ್‌ಗೆ 18650 ಲಿಥಿಯಂ ಸೆಲ್ ಎರಡು, ಪ್ಯಾರಲಲ್‌ನಲ್ಲಿ. ಸೆಲ್‌ನಿಂದ ಟಿಪಿ4056 ಚಾರ್ಜಿಂಗ್ ಬೋರ್ಡ್, ಅಲ್ಲಿಂದ ಒಂದು ಸ್ಲೈಡ್ ಸ್ವಿಚ್, ಆಮೇಲೆ ಸೆಲ್ ವೋಲ್ಟೇಜನ್ನು ಏರಿಸಿ 5 ವೋಲ್ಟ್ ಕೊಡುವ ಬೂಸ್ಟ್ ಬೋರ್ಡ್, ಕೊನೆಗೆ ಪೈ. ಹೊರಗಿನ ಅಲ್ಯೂಮಿನಿಯಂ ಡಬ್ಬಿಯನ್ನು ಶೀಟ್ ಮೆಟಲ್ ಕೆಲಸದ ಗೆಳೆಯ ಬಗ್ಗಿಸಿ ಕೊಟ್ಟ.

ಮೊದಲು ಇದರಲ್ಲಿ ಪೈ 3ಎ ಪ್ಲಸ್ ಇತ್ತು. ಆಗ ಯಾವ ತಕರಾರೂ ಇರಲಿಲ್ಲ. ಆದರೆ ಅದರಲ್ಲಿ 512 ಎಂಬಿ ರ್‍ಯಾಮ್ ಮಾತ್ರ. ಈಗಿನ ಎಷ್ಟೋ ಡ್ರೈವ್‌ಗಳ ಸೆಟ್ಟಿಂಗ್ ಪುಟ ಬ್ರೌಸರ್‌ನಲ್ಲೇ ತೆರೆಯಬೇಕು, ಅಷ್ಟಕ್ಕೇ ಅದು ಸುಸ್ತಾಗುತ್ತಿತ್ತು. ಅದಕ್ಕೆ ಪೈ 4 ಹಾಕಿದೆ. ಕಾಟ ಶುರುವಾದದ್ದು ಆಮೇಲೆ. ಒಂದು ಫೌಂಡ್ರಿಯ ಆಪರೇಟರ್ ಅಂತೂ ನಾನು ಹೋದಾಗಲೆಲ್ಲ ಕಾದು ನೋಡುತ್ತಿದ್ದ: "ಸರ್ರ, ನಿಮ್ಮ ಡಬ್ಬಿ ಮತ್ತ ಮಕ್ಕೊಂತ ನೋಡ್ರಿ."

ಇಂಥ ಕೇಸ್‌ನಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ. ಲಿನಕ್ಸ್ ತಾನಾಗಿ ಆಫ್ ಆಯಿತಾ, ಅಥವಾ ಅದರ ಕೆಳಗಿನಿಂದ ಯಾರಾದರೂ ಕರೆಂಟ್ ಕಿತ್ತುಕೊಂಡರಾ? ಇದು ಗೊತ್ತಾಗದೆ ಸೆಲ್ ಬದಲಿಸುವುದು, ಸಾಫ್ಟ್‌ವೇರ್ ಮತ್ತೆ ಹಾಕುವುದು ಎಲ್ಲ ಸುಮ್ನೆ ದಂಡ.

ಹಿಂದಿನ ಬೂಟ್‌ನ ಲಾಗ್ ನೋಡಲು ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡ್ ಇದೆ, ಮೈನಸ್ ಬಿ ಮೈನಸ್ ಒಂದು ಅಂತ ಕೊಟ್ಟರೆ ಸಾಕು. ಆದರೆ ಜರ್ನಲ್, ಅಂದರೆ ಲಿನಕ್ಸ್ ಬರೆಯುವ ಈ ಲಾಗ್, ಮೆಮೊರಿ ಕಾರ್ಡ್ ಮೇಲೆ ಉಳಿಯುವಂತೆ ಸೆಟ್ ಆಗಿರಬೇಕು. ರ್‍ಯಾಮ್‌ನಲ್ಲೇ ಬರೆಯುತ್ತಿದ್ದರೆ ಪವರ್ ಹೋದಾಗ ಅದೂ ಹೋಗುತ್ತದೆ. ಲಿನಕ್ಸ್ ತಾನೇ ಆಫ್ ಮಾಡಿದ್ದರೆ ಅದರ ಗುರುತು ಉಳಿದಿರುತ್ತದೆ: ಪವರ್ ಬಟನ್ ಒತ್ತಲಾಗಿದೆ, ಸರ್ವೀಸ್‌ಗಳು ಒಂದೊಂದಾಗಿ ನಿಂತವು, ಡಿಸ್ಕ್ ಅನ್‌ಮೌಂಟ್ ಆಯಿತು. ನನ್ನ ಲಾಗ್‌ನಲ್ಲಿ ಅಂಥದ್ದು ಏನೂ ಇಲ್ಲ. ವೈಫೈನ ಒಂದು ಸಾಮಾನ್ಯ ಸಾಲು, ಅಲ್ಲಿಗೆ ಮುಗಿಯಿತು. ಮುಂದಿನ ಬೂಟ್‌ನಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಂ ರಿಕವರಿ ಮಾಡಿಕೊಂಡ ಸಾಲು ಇದೆ. ಅಂದರೆ ಡಿಸ್ಕ್ ಸರಿಯಾಗಿ ಮುಚ್ಚಿಯೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಜರ್ನಲ್ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕ್‌ಗೆ ಪೂರ್ತಿ ಇಳಿಯುತ್ತದೆ. ತೀರಾ ಗಂಭೀರ ಸಂದೇಶವಾದರೆ ಮಾತ್ರ ತಕ್ಷಣ. ಆದ್ದರಿಂದ ಪವರ್ ಹೋದಾಗ ಕೊನೆಯ ಕೆಲವು ನಿಮಿಷಗಳೇ ಕಾಣೆಯಾಗಿರಬಹುದು, ನಮಗೆ ಬೇಕಾದದ್ದು ಅವೇ. ಜೊತೆಗೆ ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ನೆಟ್‌ವರ್ಕ್ ಸಿಗುವ ತನಕ ಅದು ಹಳೆಯ ಸಮಯವನ್ನೇ ಹಿಡಿದುಕೊಂಡಿರುತ್ತದೆ. ಲಾಗ್‌ನ ಗಂಟೆ ನಿಮಿಷ ನಂಬಿ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೀರಿ. ಬೂಟ್ ಆದಾಗಿನಿಂದ ಎಷ್ಟು ಸೆಕೆಂಡ್ ಆಯಿತು ಅನ್ನುವುದನ್ನು ಹಿಡಿದುಕೊಳ್ಳುವುದೇ ವಾಸಿ.

ಅದಕ್ಕೆ ಜರ್ನಲ್ ಬಿಟ್ಟು ಬೇರೆ ದಾರಿ ಹಿಡಿದೆ. ಪೈನ ಸೀರಿಯಲ್ ಪಿನ್‌ಗಳಿಂದ ಒಂದು ವೈರ್ ಎಳೆದು ಲ್ಯಾಪ್‌ಟಾಪ್‌ಗೆ ಕೊಟ್ಟೆ. ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಅರ್ಧ ಸೆಕೆಂಡಿಗೊಮ್ಮೆ ಅಪ್‌ಟೈಮ್, ಚಿಪ್ ಬಿಸಿ, ಪೈನ ಪವರ್ ಫ್ಲ್ಯಾಗ್, ಐಎನ್‌ಎ219 ಸೆನ್ಸರ್ ಹೇಳಿದ ವೋಲ್ಟೇಜ್ ಮತ್ತು ಕರೆಂಟ್ ಕಳಿಸುತ್ತಿತ್ತು. ಪೈ ಸತ್ತರೂ ಅದರ ಕೊನೆಯ ಮಾತು ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ, ಅಲ್ವಾ.

ಪವರ್ ಫ್ಲ್ಯಾಗ್ ಬಗ್ಗೆ ಎರಡು ಮಾತು. ಪೈ ಝೀರೋ ಸರಣಿ ಬಿಟ್ಟರೆ ಬಿ ಪ್ಲಸ್‌ನಿಂದ ಈಚೆಗಿನ ಪೈಗಳಲ್ಲಿ 5 ವೋಲ್ಟ್ ಲೈನ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಹಿಡಿಯುವ ವ್ಯವಸ್ಥೆ ಇದೆ. ವಿಸಿಜೆನ್‌ಸಿಎಂಡಿ ಅನ್ನುವ ಕಮಾಂಡ್‌ನಲ್ಲಿ ಗೆಟ್ ಥ್ರಾಟಲ್ಡ್ ಅಂತ ಕೇಳಿದರೆ ಒಂದು ಸಂಖ್ಯೆ ಕೊಡುತ್ತದೆ. 50005 ಅಂದರೆ ಈಗಲೇ ವೋಲ್ಟೇಜ್ ಕಮ್ಮಿ ಇದೆ, ವೇಗ ತಗ್ಗಿಸಿದ್ದೇನೆ ಅಂತ. 50000 ಅಂದರೆ ಈಗ ಸರಿ ಇದೆ, ಹಿಂದೆ ಯಾವಾಗಲೋ ಇಳಿದಿತ್ತು ಅಂತ. ಆದರೆ ಈ ನೆನಪು ಆ ಬೂಟ್‌ಗೆ ಮಾತ್ರ. ಆಫ್ ಆಗಿ ಮತ್ತೆ ಎದ್ದ ಮೇಲೆ ಕೇಳಿದರೆ ಸೊನ್ನೆ ಅನ್ನುತ್ತದೆ. "ಸೊನ್ನೆ ಬಂತು, ಹಾಗಾದ್ರೆ ಪವರ್ ಸರಿ ಇದೆ" ಅಂತ ಅಲ್ಲಿಗೇ ಕೈಬಿಡುವವರು ಜಾಸ್ತಿ.

ನನ್ನ ಲಾಗ್‌ನಲ್ಲಿ ಸಾಯುವ ಅರ್ಧ ಸೆಕೆಂಡ್ ಮುಂಚೆಯೂ ಫ್ಲ್ಯಾಗ್ ಸೊನ್ನೆ. ಬಿಸಿ 62 ಡಿಗ್ರಿ. ಪೈ 4 ವೇಗ ಇಳಿಸುವುದು 80ರ ಆಸುಪಾಸಿನಲ್ಲಿ, ಆದ್ದರಿಂದ ಬಿಸಿಯ ಮೇಲಿನ ಅನುಮಾನ ಹೋಯಿತು. 5 ವೋಲ್ಟ್ ಲೈನ್ 4.9ರಲ್ಲಿ ಗಟ್ಟಿ. ಮುಂದಿನ ಸಾಲೇ ಇಲ್ಲ. ಬೂಸ್ಟ್ ಬೋರ್ಡ್ ಏದುಸಿರು ಬಿಡುತ್ತಿದ್ದರೆ 5 ವೋಲ್ಟ್ ನಿಧಾನಕ್ಕೆ ಜಾರಬೇಕಿತ್ತು, ಫ್ಲ್ಯಾಗ್ ಏಳಬೇಕಿತ್ತು. ಅದೇನೂ ಇಲ್ಲದೆ ಕತ್ತರಿಸಿದ ಹಾಗೆ ಹೋಗಿದೆ.

ಆಮೇಲೆ ಪ್ರೊಸೆಸರ್ ಮೇಲೆ ಬೇಕೆಂದೇ ಭಾರ ಹೇರುವ ಸ್ಟ್ರೆಸ್ ಎನ್‌ಜಿ ಪ್ರೋಗ್ರಾಂ ಹಾಕಿ ಒಂದೊಂದೇ ಕೋರ್‌ಗೆ ಕೆಲಸ ಕೊಟ್ಟೆ. ಬ್ಯಾಟರಿ ತುಂಬಿದ್ದಾಗ ನಾಲ್ಕೂ ಕೋರ್ ಓಡಿದರೂ ಜಗ್ಗಲಿಲ್ಲ. ಸೆಲ್ 3.7 ವೋಲ್ಟ್‌ಗೆ ಇಳಿದ ಮೇಲೆ ಮೂರು ಕೋರ್ ತನಕ ಓಕೆ, ನಾಲ್ಕನೆಯದು ಕೊಟ್ಟು ವೈಫೈನಲ್ಲಿ ದೊಡ್ಡ ಫೈಲ್ ಕಳಿಸಿದರೆ ಆಫ್. ಕಾನ್ಫಿಗ್ ಫೈಲ್‌ನಲ್ಲಿ ವೇಗವನ್ನು 1000 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದರೆ ಅದೇ ಬ್ಯಾಟರಿಯಲ್ಲಿ ಆರಾಮಾಗಿ ಓಡುತ್ತದೆ. ಸಾಫ್ಟ್‌ವೇರ್ ತಪ್ಪಾಗಿದ್ದರೆ ವೇಗಕ್ಕೂ ಬ್ಯಾಟರಿ ವೋಲ್ಟೇಜ್‌ಗೂ ಹೀಗೆ ತಾಳೆ ಬೀಳುತ್ತಿರಲಿಲ್ಲ.

ಲೆಕ್ಕ ಹೀಗಿದೆ. ಪೈ, ಸ್ಕ್ರೀನ್, ಯುಎಸ್‌ಬಿ ಎಲ್ಲ ಸೇರಿ ಜೋರಾಗಿ ಓಡುವಾಗ 5 ವೋಲ್ಟ್‌ನಲ್ಲಿ 2 ಆಂಪ್ ಕೇಳುತ್ತವೆ. ಅಂದರೆ 10 ವ್ಯಾಟ್. ಬೂಸ್ಟ್ ಬೋರ್ಡ್ 88 ಪರ್ಸೆಂಟ್ ದಕ್ಷತೆಯದ್ದು ಅಂದುಕೊಂಡರೆ ಅದು ಒಳಗೆ ಎಳೆಯುವುದು ಸುಮಾರು 11.4 ವ್ಯಾಟ್. ಅದರ ಬಾಯಲ್ಲಿ, ಅಂದರೆ ಇನ್‌ಪುಟ್‌ನಲ್ಲಿ, 4 ವೋಲ್ಟ್ ಇದ್ದರೆ 2.8 ಆಂಪ್ ಸಾಕು. 3.3 ವೋಲ್ಟ್ ಇದ್ದರೆ 3.4 ಆಂಪ್ ಬೇಕು. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಕರೆಂಟ್ ಜಾಸ್ತಿಯಾದಷ್ಟೂ ವೈರ್, ಸ್ವಿಚ್, ಸೆಲ್ ಒಳಗೆ ವೋಲ್ಟೇಜ್ ಇನ್ನೂ ಬೀಳುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಬಲ್ಬ್, ಹೀಟರ್ ಹೀಗಲ್ಲ, ವೋಲ್ಟೇಜ್ ಇಳಿದರೆ ಅವು ಎಳೆಯುವ ಕರೆಂಟೂ ಇಳಿಯುತ್ತದೆ. ಅದಕ್ಕೇ ಒಂದು ಬಲ್ಬ್ ಹಾಕಿ ಟೆಸ್ಟ್ ಮಾಡಿ "ಬ್ಯಾಟರಿ ಚೆನ್ನಾಗಿದೆ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಈಗ ಮಲ್ಟಿಮೀಟರ್. ಕಂಟಿನ್ಯುಟಿ ಬೀಪ್ ಬಂತು ಅಂದರೆ ದಾರಿ ಇದೆ ಅಂತ ಅರ್ಥ, ದಾರಿ ಅಗಲವಾಗಿದೆ ಅಂತಲ್ಲ. ದಾರಿಯ ರೋಧ (ರೆಸಿಸ್ಟೆನ್ಸ್) 30 ಮಿಲಿಓಮ್ ಇದ್ದರೂ ಬೀಪ್, ಅದರ ಹತ್ತುಪಟ್ಟು ಇದ್ದರೂ ಬೀಪ್. ಸರಿಯಾದ ದಾರಿ ಅಂದರೆ ಲೋಡ್ ಓಡುತ್ತಿರುವಾಗಲೇ ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದೊಂದು ಭಾಗದ ಎರಡು ತುದಿಗೆ ಪ್ರೋಬ್ ಹಿಡಿಯುವುದು. ಆಫ್ ಆಗದ ಹಾಗೆ ಲೋಡನ್ನು 5 ವೋಲ್ಟ್‌ನಲ್ಲಿ 1.6 ಆಂಪ್‌ಗೆ ನಿಲ್ಲಿಸಿಕೊಂಡು ಅಳೆದೆ. ಸೆಲ್ ಮೈಮೇಲೆ 3.66 ವೋಲ್ಟ್. ಬೂಸ್ಟ್ ಬೋರ್ಡ್ ಬಾಯಲ್ಲಿ 3.26. ಒಂದು ಗೇಣು ದಾರಿಯಲ್ಲಿ 0.40 ವೋಲ್ಟ್ ಹೋಗಿದೆ! ಸ್ಪ್ರಿಂಗ್ ಇರುವ ಸೆಲ್ ಹೋಲ್ಡರ್ ತಿಂದದ್ದು 0.11, 26 ಗೇಜ್‌ನ ಸಪೂರ ವೈರ್‌ಗಳು 0.09, ಸ್ಲೈಡ್ ಸ್ವಿಚ್ 0.06. ಉಳಿದ 0.14 ಚಾರ್ಜಿಂಗ್ ಬೋರ್ಡ್‌ನಲ್ಲಿ, ಬಿ ಮೈನಸ್ (ಸೆಲ್ ಕಡೆಯ ಮೈನಸ್ ಪ್ಯಾಡ್) ಮತ್ತು ಔಟ್ ಮೈನಸ್ (ಲೋಡ್ ಕಡೆಯದು) ನಡುವೆ.

ಈ ಕೊನೆಯ ಸಂಖ್ಯೆ ನೋಡಿದ ಮೇಲೆ ಬೇರೆ ಏನೂ ಹುಡುಕಬೇಕಾಗಲಿಲ್ಲ.

ಟಿಪಿ4056 ಬೋರ್ಡ್‌ಗಳಲ್ಲಿ ಆರು ಪ್ಯಾಡ್ ಇರುವ ಬಗೆಯಲ್ಲಿ ಚಾರ್ಜರ್ ಜೊತೆ ಡಿಡಬ್ಲ್ಯೂ01 ಅನ್ನುವ ರಕ್ಷಣೆ ಚಿಪ್, ಪಕ್ಕದಲ್ಲಿ 8205ಎ ಅನ್ನುವ ಜೋಡಿ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇರುತ್ತವೆ. ಸೆಲ್ ಸುಮಾರು 2.4 ವೋಲ್ಟ್‌ಗೆ ಇಳಿದರೆ ಸಂಪರ್ಕ ಕಡಿಯುವುದು ಇದರ ಒಂದು ಕೆಲಸ. ಕರೆಂಟ್ ಮಿತಿಮೀರಿದರೆ ಕಡಿಯುವುದು ಇನ್ನೊಂದು. ಕರೆಂಟ್ ಅಳೆಯಲು ಬೇರೆ ರೆಸಿಸ್ಟರ್ ಇಲ್ಲ, ಆ ಮಾಸ್‌ಫೆಟ್ ಜೋಡಿಯ ಮೇಲೆ ಬೀಳುವ ವೋಲ್ಟೇಜನ್ನೇ ಅದು ನೋಡುತ್ತದೆ. ಮಿತಿ ಸುಮಾರು 150 ಮಿಲಿವೋಲ್ಟ್. ಜೋಡಿಯ ರೋಧ 50 ಮಿಲಿಓಮ್ ಆಸುಪಾಸು, ಆದ್ದರಿಂದ ಕಡಿತ 3 ಆಂಪ್ ಹತ್ತಿರ. ನಾನು 140ರಲ್ಲಿ ನಿಂತು ಅಳೆಯುತ್ತಿದ್ದೆ. ಅದರ ಮೇಲೆ ಮಾಸ್‌ಫೆಟ್ ಬಿಸಿಯಾದರೆ ರೋಧ ಏರುತ್ತದೆ, ಬ್ಯಾಟರಿ ವೋಲ್ಟೇಜ್ ಇಳಿದರೆ ಅದನ್ನು ತೆರೆದಿಡುವ ಗೇಟ್ ಪಿನ್‌ಗೆ ಸಿಗುವ ಬಲ ಕಡಿಮೆಯಾಗಿ ಇನ್ನೂ ಏರುತ್ತದೆ. ಆನ್ ಮಾಡಿದ ಕೂಡಲೇ ಆಫ್ ಆಗದೆ ಸ್ವಲ್ಪ ಹೊತ್ತು ಓಡಿ ಆಫ್ ಆಗುತ್ತಿದ್ದದ್ದು ಇದಕ್ಕೇ.

ತಾನಾಗಿ ಏಳದಿರುವುದಕ್ಕೂ ಇದೇ ಉತ್ತರ. ಡಿಡಬ್ಲ್ಯೂ01 ಒಮ್ಮೆ ಕಡಿದರೆ, ಲೋಡ್ ತೆಗೆಯುವ ತನಕ ಬಿಡುವುದಿಲ್ಲ. ಸ್ಲೈಡ್ ಸ್ವಿಚ್ ಆಫ್ ಮಾಡಿದಾಗ ಲೋಡ್ ಹೋಗುತ್ತದೆ, ಅದು ಬಿಡುತ್ತದೆ. ಬೂಸ್ಟ್ ಬೋರ್ಡ್‌ನದೇ ತಕರಾರಾಗಿದ್ದರೆ ವೋಲ್ಟೇಜ್ ಚೇತರಿಸಿಕೊಂಡ ಕೂಡಲೇ ಪೈ ಮತ್ತೆ ಬೂಟ್ ಆಗಿ, ಮತ್ತೆ ಬಿದ್ದು, ಹೀಗೆ ಸುತ್ತುತ್ತಿತ್ತು. ನಿಮ್ಮ ಯಂತ್ರ ಸತ್ತು ಸುಮ್ಮನಿರುತ್ತದಾ, ಸಾಯುತ್ತಾ ಏಳುತ್ತಾ ಇರುತ್ತದಾ ಅನ್ನುವುದನ್ನು ಗಮನಿಸಿ. ಮೀಟರ್ ಇಲ್ಲದೆಯೇ ಸಿಗುವ ಸುಳಿವು ಅದು.

ಖಾತ್ರಿಗೆ ಟಿವಿ ರಿಪೇರಿಯ ಒಬ್ಬ ಕಾಕಾ ಹತ್ತಿರ ಹೋದೆ. ಅವರ ಬಳಿ ಹಳೆಯ ಆಸಿಲೋಸ್ಕೋಪ್ ಇದೆ, ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವಂಥದ್ದು. ನಾನು ಕ್ಲಿಪ್ ಹಾಕಲು ಹೊರಟಾಗ ಕೇಳಿದರು, "ಗ್ರೌಂಡ್ ಎಲ್ಲಿ ಹಾಕಾಕತ್ತಿ ತಮ್ಮಾ? ಬಿ ಮೈನಸ್‌ಗೆ ಹಾಕು, ಪ್ರೋಬ್ ಔಟ್ ಮೈನಸ್‌ಗೆ ಹಿಡಿ." ಹಾಗೇ ಹಿಡಿದು ನಾಲ್ಕು ಕೋರ್ ಓಡಿಸಿದೆ. ಗೆರೆ 140ರಲ್ಲಿ ನಡುಗುತ್ತಾ ಇತ್ತು. ವೈಫೈ ಶುರುವಾಯಿತು, ಗೆರೆ ಮೇಲೇರಿತು, ಕೆಲವು ಮಿಲಿಸೆಕೆಂಡ್ ಅಲ್ಲೇ ನಿಂತಿತು, ಆಮೇಲೆ ನೆಟ್ಟಗೆ ಬ್ಯಾಟರಿ ವೋಲ್ಟೇಜ್ ತನಕ ಜಿಗಿಯಿತು. ಮಾಸ್‌ಫೆಟ್ ಬಾಗಿಲು ಮುಚ್ಚಿದ ಗುರುತು. "ಸೆಲ್ ಹೋಗ್ಯಾವ ಅಂತಿದ್ದೆಲ್ಲೋ," ಅಂದರು ಕಾಕಾ, ಹಾಗಂತ ಹೇಳಿದ್ದು ಅವರೇ ಆಗಿದ್ದರೂ.

ಐಎನ್‌ಎ219 ಬಳಸುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಬೋರ್ಡ್ ಮೇಲೆ ಆರ್100 ಅಂತ ಬರೆದ 0.1 ಓಮ್ ಶಂಟ್ (ಕರೆಂಟ್ ಅಳೆಯುವ ರೆಸಿಸ್ಟರ್) ಇರುತ್ತದೆ. 3 ಆಂಪ್ ಹರಿದರೆ ಅದೊಂದೇ 0.3 ವೋಲ್ಟ್ ತಿನ್ನುತ್ತದೆ. ಬ್ಯಾಟರಿ ಕಡೆ ಅದನ್ನು ಹಾಕಿದರೆ ಅಳೆಯುವ ಸಾಧನವೇ ರೋಗ ಹೆಚ್ಚಿಸುತ್ತದೆ. ಅದಕ್ಕೇ ಮೊದಲು 5 ವೋಲ್ಟ್ ಕಡೆ ಇಟ್ಟಿದ್ದೆ. ಆಮೇಲೆ ಕೆಟ್ಟ ಲ್ಯಾಪ್‌ಟಾಪ್ ಮದರ್‌ಬೋರ್ಡ್‌ನಿಂದ ಆರ್010 ಅಂತ ಬರೆದ 10 ಮಿಲಿಓಮ್ ಶಂಟ್ ಕಿತ್ತು ಹಾಕಿದೆ. ಚಾರ್ಜಿಂಗ್ ಭಾಗದ ಹತ್ತಿರ ಹುಡುಕಿದರೆ ಇಂಥವು ಸಿಗುತ್ತವೆ. ಸ್ಕ್ರಿಪ್ಟ್‌ನಲ್ಲಿ ಕರೆಂಟನ್ನು ಹತ್ತರಿಂದ ಗುಣಿಸುವುದು ಮರೆಯಬಾರದು ಅಷ್ಟೇ.

ರಿಪೇರಿ. ಚಾರ್ಜಿಂಗ್ ಬೋರ್ಡ್‌ನ ರಕ್ಷಣೆಯನ್ನೇ ದಾಟಿಸಿ ಸೆಲ್‌ನಿಂದ ನೇರ ವೈರ್ ಎಳೆದುಬಿಡು ಅಂತ ಸಲಹೆ ಕೊಟ್ಟವರು ಇದ್ದಾರೆ. ಅಲ್ಯೂಮಿನಿಯಂ ಡಬ್ಬಿ, ಒಳಗೆ ಲಿಥಿಯಂ, ಸುತ್ತ ಕಬ್ಬಿಣದ ಚೂರು. ನಾನಂತೂ ಆ ಧೈರ್ಯ ಮಾಡುವುದಿಲ್ಲ. ಬದಲಿಗೆ ಒಂದು ಸೆಲ್ ವೋಲ್ಟೇಜ್‌ಗೆ ಬರುವ ಬೇರೆ ರಕ್ಷಣೆ ಬೋರ್ಡ್ ತಂದೆ, ಅದರಲ್ಲಿ 8205ಎ ನಾಲ್ಕು ಪ್ಯಾರಲಲ್‌ನಲ್ಲಿವೆ. ರೋಧ ಕಾಲುಭಾಗ, ಕಡಿತ 12 ಆಂಪ್ ಹತ್ತಿರ. ಶಾರ್ಟ್ ಆದರೆ ಆಗಲೂ ಕಡಿಯುತ್ತದೆ. ಟಿಪಿ4056 ಇನ್ನು ಚಾರ್ಜ್ ಮಾಡಲು ಮಾತ್ರ.

ಸೆಲ್‌ಗಳನ್ನೂ ಬದಲಿಸಿದೆ. ಹಳೆಯವು ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ್ದು. ಒಂದೊಂದಕ್ಕೇ 1 ಆಂಪ್ ಲೋಡ್ ಕೊಟ್ಟು ವೋಲ್ಟೇಜ್ ಎಷ್ಟು ಇಳಿಯಿತು ಅಂತ ನೋಡಿದರೆ ಒಳಗಿನ ರೋಧ ಸಿಗುತ್ತದೆ. ಒಂದು 65 ಮಿಲಿಓಮ್, ಇನ್ನೊಂದು 150. ಭಾರದ ಹೆಚ್ಚು ಪಾಲು ಒಂದರ ಮೇಲೇ ಬೀಳುತ್ತಿತ್ತು. ಹೊಸದು ಕೊಳ್ಳುವಾಗ ಲೇಬಲ್ ನಂಬಬೇಡಿ. ಈ ಗಾತ್ರದಲ್ಲಿ ಒಳ್ಳೆಯ ಸೆಲ್ ಅಂದರೂ 3500 ಎಂಎಎಚ್ ಸುತ್ತಮುತ್ತ. 6800, 9900 ಅಂತ ಬರೆದದ್ದೆಲ್ಲ ಸುಳ್ಳು. ತೂಕ ನೋಡುವುದು ಸುಲಭದ ಉಪಾಯ: ಸರಿಯಾದ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ. ಶಹಾಪುರದ ಸರಾಫ್ ಗಲ್ಲಿಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟೆ. "ಇದ್ಯಾವ ಬಂಗಾರ ತಂದ್ರಿ?" ಅಂತ ನಕ್ಕರು. ಮೊದಲು ಸ್ಯಾಂಪಲ್ ತಂದದ್ದು 31 ಗ್ರಾಂ, ಅದು ವಾಪಸ್ ಹೋಯಿತು. ಬೇರೆ ಕಡೆಯದು 46 ಗ್ರಾಂ, ಅದನ್ನೇ ಕೊಂಡೆ.

ಎರಡು ಸೆಲ್ ಪ್ಯಾರಲಲ್ ಮಾಡುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ಒಂದೇ ಇದೆಯಾ ನೋಡಬೇಕು. ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೂ ಸೇರಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಹಲವು ಆಂಪ್ ನುಗ್ಗುತ್ತದೆ. ಸೆಲ್ ಮೇಲೆ ನೇರ ಸೋಲ್ಡರ್ ಮಾಡಬೇಡಿ, ಆ ಬಿಸಿ ಒಳಗಿನ ಸೀಲ್ ಹಾಳು ಮಾಡುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಕಟ್ಟುವವರ ಹತ್ತಿರ ಸ್ಪಾಟ್ ವೆಲ್ಡಿಂಗ್ ಮಷಿನ್ ಇರುತ್ತದೆ, ಚಹಾ ಕುಡಿಯುವುದರೊಳಗೆ ನಿಕಲ್ ಪಟ್ಟಿ ಹೊಡೆದು ಕೊಟ್ಟರು. ಸ್ಪ್ರಿಂಗ್ ಹೋಲ್ಡರ್ ಕಸಕ್ಕೆ. ಸಪೂರ ವೈರ್ ಜಾಗಕ್ಕೆ 18 ಗೇಜ್ ಸಿಲಿಕೋನ್ ವೈರ್. ಸ್ಲೈಡ್ ಸ್ವಿಚ್ ಜಾಗಕ್ಕೆ 6 ಆಂಪ್ ರಾಕರ್ ಸ್ವಿಚ್, ಡಬ್ಬಿಯಲ್ಲಿ ಅದಕ್ಕೆ ತೂತು ದೊಡ್ಡದು ಮಾಡಬೇಕಾಯಿತು.

ರಾಕರ್ ಯಾಕೆ, ಬೂಸ್ಟ್ ಚಿಪ್ಪನ್ನು ಆನ್ ಆಫ್ ಮಾಡುವ ಎನೇಬಲ್ ಪಿನ್‌ಗೆ ಚಿಕ್ಕ ಸ್ವಿಚ್ ಹಾಕಬಹುದಲ್ಲ ಅಂತ ಕೇಳಬಹುದು. ಡಯೋಡ್ ಇರುವ ಮಾಮೂಲಿ ಬೂಸ್ಟ್ ಬೋರ್ಡ್‌ನಲ್ಲಿ ಚಿಪ್ ನಿಲ್ಲಿಸಿದರೂ ಕಾಯಿಲ್ ಮತ್ತು ಡಯೋಡ್ ದಾಟಿ ಬ್ಯಾಟರಿ ವೋಲ್ಟೇಜ್ ಆ ಕಡೆಗೆ ಹೋಗುತ್ತಲೇ ಇರುತ್ತದೆ. ಪೈಗೆ 3.5 ವೋಲ್ಟ್ ಸಣ್ಣಗೆ ಸಿಗುತ್ತಾ ಇರುವುದು ಯಾರಿಗೂ ಬೇಡ.

ಪೈನ 5 ವೋಲ್ಟ್ ಪಿನ್ ಹತ್ತಿರ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನೂ ಸೇರಿಸಿದೆ. ಅಡಾಪ್ಟರ್ ಚುಚ್ಚಿದ ಕ್ಷಣದ ಎಳೆತಕ್ಕೆ ಅದು ಸಹಾಯ. ಮೂಲ ರೋಗಕ್ಕೆ ಇದು ಮದ್ದಲ್ಲ, ಇದೊಂದನ್ನೇ ಹಾಕಿದ್ದರೆ ಮತ್ತೆ ಆಫ್ ಆಗುತ್ತಿತ್ತು.

ಅದೇ 1.6 ಆಂಪ್ ಲೋಡ್‌ನಲ್ಲಿ ಮತ್ತೆ ಅಳೆದರೆ ಸೆಲ್‌ನಿಂದ ಬೂಸ್ಟ್ ತನಕದ ನಷ್ಟ 0.40 ಇದ್ದದ್ದು 0.07ಕ್ಕೆ ಇಳಿದಿದೆ. ಬ್ಯಾಟರಿಯಿಂದ ಎಳೆಯುವ ಕರೆಂಟೇ 2.8ರಿಂದ 2.5 ಆಂಪ್‌ಗೆ ಬಂದಿದೆ. ರಕ್ಷಣೆ ಬೋರ್ಡ್ ಮೇಲೆ 30 ಮಿಲಿವೋಲ್ಟ್ ಮಾತ್ರ. ನಾಲ್ಕು ಕೋರ್, ವೈಫೈ, ಅಡಾಪ್ಟರ್ ಎಲ್ಲ ಹಾಕಿ ಸೆಲ್ 3.4 ವೋಲ್ಟ್‌ಗೆ ಇಳಿಯುವ ತನಕ ಬಿಟ್ಟೆ, ಆಫ್ ಆಗಲಿಲ್ಲ.

3.4ರ ಕೆಳಗೆ ನಾನೇ ಬಿಡುವುದಿಲ್ಲ. ಬ್ಯಾಟರಿ ಎಷ್ಟಿದೆ ಅಂತ ಹೇಳುವ ಮ್ಯಾಕ್ಸ್17048 ಗೇಜ್ ಚಿಪ್‌ನಿಂದ ವೋಲ್ಟೇಜ್ ಓದುವ ಒಂದು ಸರ್ವೀಸ್ ಬರೆದಿದ್ದೇನೆ. ಹತ್ತು ಸೆಕೆಂಡ್‌ನ ಸರಾಸರಿ 3.4 ದಾಟಿ ಕೆಳಗಿಳಿದರೆ ಲಿನಕ್ಸ್ ಸರಿಯಾಗಿ ಶಟ್‌ಡೌನ್ ಆಗುತ್ತದೆ, ಕಾರಣವನ್ನು ಲಾಗ್‌ನಲ್ಲಿ ಬರೆದೇ ಹೋಗುತ್ತದೆ. ಸರಾಸರಿ ಬೇಕೇ ಬೇಕು, ಇಲ್ಲದಿದ್ದರೆ ಒಂದು ಕ್ಷಣದ ಇಳಿತಕ್ಕೂ ಯಂತ್ರ ಮಲಗುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ಟಿಪಿ4056 ಕೊಡುವುದು ಹೆಚ್ಚೆಂದರೆ 1 ಆಂಪ್. ಪೈ ಸುಮ್ನೆ ಕೂತಿದ್ದರೂ ಬ್ಯಾಟರಿಯಿಂದ ಒಂದೂವರೆ ಆಂಪ್ ಎಳೆಯುತ್ತದೆ. ಅಂದರೆ ಚಾರ್ಜರ್ ಚುಚ್ಚಿ ಬಳಸಿದರೆ ಬ್ಯಾಟರಿ ತುಂಬುವ ಬದಲು ಖಾಲಿಯಾಗುತ್ತಲೇ ಹೋಗುತ್ತದೆ. ಚಾರ್ಜ್ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ನಿಲ್ಲಿಸಬೇಕು ಅನ್ನುವ ಅದರ ನಿಯಮವೂ ಲೋಡ್ ಇದ್ದಾಗ ಕೆಲಸ ಮಾಡುವುದಿಲ್ಲ. ಲೋಡ್ ಮತ್ತು ಚಾರ್ಜ್ ದಾರಿ ಬೇರೆ ಮಾಡುವ ಬೋರ್ಡ್ ತರಿಸಬೇಕು. ಅಲ್ಲಿಯ ತನಕ ರಾಕರ್ ಆಫ್ ಮಾಡಿಯೇ ರಾತ್ರಿ ಚಾರ್ಜ್‌ಗೆ ಇಡುತ್ತಿದ್ದೇನೆ.